ಹನ್ನೊಂದನೇ ಲೋಟ

ಬೆಳಗ್ಗೆಯಿಂದ ಅವನ ಬಾಯಿ ಒಣಗಿತ್ತು. ಬೇರೆ ಯಾವ ಕೆಲಸದವನಿಗಾದರೂ ಇದು ಒಂದು ಲೋಟ ನೀರಿನಲ್ಲಿ ಮುಗಿದುಹೋಗುವ ಮಾತು. ಅವನಿಗೆ ಮಾತ್ರ ಬಾಯಿ ಒಣಗಿದರೆ ಕೆಲಸವೇ ನಿಂತ ಹಾಗೆ. ಹಳೆಯ ಚಿತ್ರಗಳ ಮೇಲಿನ ಕೊಳೆ ತೆಗೆಯುವುದಕ್ಕೆ ಮನುಷ್ಯನ ಎಂಜಲಿಗಿಂತ ಮೆತ್ತನೆಯ ಔಷಧಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ. ಕಡ್ಡಿಯ ತುದಿಗೆ ಹತ್ತಿ ಸುತ್ತಬೇಕು, ನಾಲಿಗೆಯ ಮೇಲೆ ಹೊರಳಿಸಬೇಕು, ಆಮೇಲೆ ಚಿತ್ರದ ಮೇಲೆ ಒತ್ತದೆ, ಉಜ್ಜದೆ, ಮೆಲ್ಲಗೆ ಉರುಳಿಸಬೇಕು. ಹತ್ತಿ ಕಪ್ಪಾದರೆ ಬಿಸಾಡಿ ಇನ್ನೊಂದು ಸುತ್ತಬೇಕು. ಪುರಸಭೆಯ ಸಭಾಂಗಣದಲ್ಲಿ ಏಣಿ ಹತ್ತಿ ನಿಂತು ಅವನು ತಿಂಗಳುಗಟ್ಟಲೆ ಮಾಡುತ್ತಿದ್ದುದು ಇದನ್ನೇ. ಊರಿನ ಹಿರಿಯರ ಮುಖಕ್ಕೆ ಉಗುಳಿ ಸಂಬಳ ತಗೊಳ್ಳೋ ನೌಕರ ನಾನೊಬ್ಬನೇ ಎಂದು ಹೆಂಡತಿಯ ಹತ್ತಿರ ತಮಾಷೆ ಮಾಡಿದ್ದ. ಅವಳು ನಕ್ಕಿರಲಿಲ್ಲ. ಪುರಸಭೆಯ ಶಾಲೆಯ ಟೀಚರು ಅವಳು, ಅಂಥ ಮಾತಿಗೆ ನಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಇವತ್ತು ಹತ್ತಿಯನ್ನು ಬಾಯಿಗಿಟ್ಟರೆ ಅದು ನಾಲಿಗೆಗೆ ಅಂಟಿ ಎಳೆ ಬಿಟ್ಟಿತು. ಏಣಿಯ ಮೇಲೆ ನಿಂತು, ಬಾಯೊಳಗಿನ ಎಳೆಗಳನ್ನು ಬೆರಳಿನಿಂದ ತೆಗೆಯುತ್ತ, ಅವನು ತನ್ನ ಬಲಕ್ಕೆ ನೋಡದಿರಲು ಪ್ರಯತ್ನಪಟ್ಟ. ಬಲಕ್ಕೆ, ಚಿತ್ರದ ಅಂಚಿನಲ್ಲಿ, ನಿನ್ನೆ ಸಂಜೆ ಅವನೇ ಗಾಬರಿಯಲ್ಲಿ ಇಳಿಬಿಟ್ಟುಹೋದ ಹಳೆಯ ಬೆಡ್‌ಶೀಟು ತೂಗುತ್ತಿತ್ತು.

ಗೋಡೆಯಗಲದ ತೈಲಚಿತ್ರ ಅದು. ಊರಿನ ಮೊದಲ ಪುರಸಭೆ ಮೊದಲ ಸಲ ಕೂಡಿದ ದಿನ. ಉದ್ದನೆಯ ಮೇಜು, ಅದರ ಮೇಲೆ ಬಿಳಿಯ ಬಟ್ಟೆ, ನಡುವೆ ಒಂದು ನೀರಿನ ಹೂಜಿ, ಸುತ್ತ ಹತ್ತು ಗಂಡಸರು. ಈ ಹತ್ತು ಜನರಿಂದಲೇ ಊರು ಊರಾಯಿತು ಎಂದು ಎಲ್ಲರೂ ನಂಬಿದ್ದರು. ಊರಿಗೆ ಬರುವ ರಸ್ತೆಯ ಕಮಾನಿನ ಮೇಲೆ ಹತ್ತು ಹಿರಿಯರ ಊರಿಗೆ ಸ್ವಾಗತ ಎಂದು ಬರೆದಿತ್ತು. ಬೀದಿಗಳಿಗೆ ಅವರ ಹೆಸರು. ಪುರಸಭೆಯ ಮುದ್ರೆಯಲ್ಲಿ ಹತ್ತು ನಕ್ಷತ್ರ. ಅವನ ಹೆಂಡತಿಯ ಶಾಲೆಯಲ್ಲಿ ಮಕ್ಕಳು ಎಣಿಸಲು ಕಲಿಯುವುದೂ ಈ ಚಿತ್ರದಿಂದಲೇ: ಒಂದು ಟೋಪಿ ಅಜ್ಜ, ಎರಡು ಮೀಸೆ ಅಜ್ಜ, ಮೂರು ಕೋಲಿನ ಅಜ್ಜ, ಹಾಗೇ ಹೋಗಿ ಹತ್ತು ನಿದ್ದೆ ಅಜ್ಜ. ನಿದ್ದೆ ಅಜ್ಜನ ಪಕ್ಕಕ್ಕೆ ಪರದೆ ಬರುತ್ತದೆ, ಎಣಿಕೆ ಮುಗಿಯುತ್ತದೆ. ಮೇಲಿನಿಂದ ಕೆಳಗಿನವರೆಗೆ ಇಳಿಬಿದ್ದ ಕೆಂಪು ಮಖಮಲ್ಲಿನ ಪರದೆ. ಇಡೀ ಚಿತ್ರದಲ್ಲಿ ಒಂದೇ ಒಂದು ತಪ್ಪಿದೆ ಎಂದು ಊರವರ ಅಭಿಪ್ರಾಯ: ಮೇಜಿನ ಮೇಲೆ ಹನ್ನೊಂದು ಲೋಟಗಳಿವೆ. ಪರದೆಯ ಅಂಚಿಗೆ ಒಂದು ಲೋಟ, ಅರ್ಧ ಕುಡಿದ ನೀರು, ಯಾರದೂ ಅಲ್ಲದೆ ನಿಂತಿದೆ. ಪಾಪ, ಬರೆದವನಿಗೆ ಬಣ್ಣ ಬರುತ್ತಿತ್ತು, ಲೆಕ್ಕ ಬರುತ್ತಿರಲಿಲ್ಲ ಎಂದು ಊರು ನಕ್ಕಿತು. ನಗುತ್ತ ನಗುತ್ತ ಅದು ಗಾದೆಯಾಯಿತು. ಕರೆಯದೆ ಬಂದ ನೆಂಟ, ಆಟಕ್ಕೆ ಸೇರಿಸಿಕೊಳ್ಳದ ಹುಡುಗ, ಅಣ್ಣನ ಮನೆಯಲ್ಲೇ ಉಳಿದುಬಿಟ್ಟ ತಂಗಿ, ಎಲ್ಲರೂ ಹನ್ನೊಂದನೇ ಲೋಟ. ಶಾಲೆಯಲ್ಲಿ ಅವನನ್ನೂ ಹಾಗೇ ಕರೆಯುತ್ತಿದ್ದರು. ಇಷ್ಟು ವಯಸ್ಸಾದ ಮೇಲೂ ಯಾರಾದರೂ ಬೇರೆ ಯಾರನ್ನೋ ಹಾಗೆಂದು ಕರೆದರೆ ಅವನ ಕತ್ತು ತಿರುಗುತ್ತಿತ್ತು.

ಪರದೆ ಅಪ್ಪನದು. ಮೂಲ ಚಿತ್ರದ ಆ ಭಾಗ ಗೋಡೆಯ ತೇವಕ್ಕೆ ಹಾಳಾಗಿತ್ತೆಂದೂ, ಅಪ್ಪ ಅಲ್ಲಿ ಪರದೆ ಬರೆದು ಚಿತ್ರವನ್ನು ಉಳಿಸಿದನೆಂದೂ ಮನೆಯಲ್ಲಿ ಹೇಳುತ್ತಿದ್ದರು. ಅಮ್ಮ ಬದುಕಿದ್ದಾಗ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಊರು ಅಪ್ಪನನ್ನು ಪರದೆ ಮೇಷ್ಟ್ರು ಎಂದು ಕರೆಯಿತು. ಅವನು ಚಿಕ್ಕವನಿದ್ದಾಗ ಅಪ್ಪ ಅವನನ್ನು ಇದೇ ಸಭಾಂಗಣಕ್ಕೆ ಕರೆತಂದು, ಹೆಗಲ ಮೇಲೆ ಕೂರಿಸಿಕೊಂಡು, ಮುಟ್ಟು ನೋಡೋಣ ಎಂದಿದ್ದ. ಮೆತ್ತಗಿರುತ್ತದೆಂದು ಕೈ ಚಾಚಿದರೆ ಗಟ್ಟಿ, ತಣ್ಣಗೆ. ಅವನು ಬೆಚ್ಚಿದ್ದ. ಅಪ್ಪ ನಕ್ಕಿದ್ದ, ಆದರೆ ಆ ನಗು ಅರ್ಧಕ್ಕೇ ನಿಂತಿತ್ತು. ಅಷ್ಟು ಒಳ್ಳೆಯ ಪರದೆ ಬರೆದವನು ಯಾಕೆ ಪೂರ್ತಿ ನಗಲಿಲ್ಲ ಎಂದು ಆಗ ಕೇಳಿಕೊಳ್ಳುವ ವಯಸ್ಸಲ್ಲ. ಮುಂದೆ ತಾನೂ ಇದೇ ಕೆಲಸಕ್ಕೆ ಇಳಿದ ಮೇಲೆ, ಬಣ್ಣದ ಅಂಗಡಿಯವರು, ಪುರಸಭೆಯವರು, ಎಲ್ಲರೂ ಅವನ ಮುಖ ನೋಡಿ ಮೊದಲು ಹೇಳುತ್ತಿದ್ದ ಮಾತು, ಓ ಪರದೆ ಮೇಷ್ಟ್ರ ಮಗನಾ, ಎಂದು. ಅವನಿಗೆ ಸ್ವಂತದ್ದು ಅಂತ ಹೇಳಿಕೊಳ್ಳಲು ಏನೂ ಇರಲಿಲ್ಲ. ಅವನು ಒರೆಸುವವನು. ಊರಿನ ನೂರನೇ ವರ್ಷಕ್ಕೆ ಚಿತ್ರವನ್ನು ಶುಚಿಮಾಡುವ ಕೆಲಸ ಸಿಕ್ಕಾಗ, ಎಲ್ಲಕ್ಕಿಂತ ಪರದೆಯೇ ಹೆಚ್ಚು ಹೊಳೆಯಬೇಕು ಎಂದು ಅವನು ಮೊದಲೇ ನಿಶ್ಚಯಿಸಿಕೊಂಡಿದ್ದ.

ಆ ನಿಶ್ಚಯದಿಂದಲೇ ತಪ್ಪಾಯಿತು. ಎಂಜಲಿಗೆ ಹೋಗದ ಕೊಳೆಗೆ ಸ್ಪಿರಿಟ್ ಬೇಕು, ಸ್ಪಿರಿಟ್ ಮುಟ್ಟಿಸುವ ಮೊದಲು ಅಂಚಿನಲ್ಲಿ ಕಾಳಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಬೇಕು, ಇದು ಕಣ್ಣು ಮುಚ್ಚಿಕೊಂಡರೂ ಮರೆಯದ ನಿಯಮ. ಹತ್ತೂ ಹಿರಿಯರ ಕೋಟಿಗೆ, ಗಡ್ಡಕ್ಕೆ, ಕುರ್ಚಿಯ ಕಾಲಿಗೆ ಅವನು ಹಾಗೆ ಮಾಡಿದ್ದ. ಅಪ್ಪನ ಪರದೆಗೆ ಮಾಡಲಿಲ್ಲ. ಸ್ವಂತ ಮನೆಯ ಬಾಗಿಲು ತಟ್ಟಿ ಒಳಗೆ ಹೋಗುವವರುಂಟೇ? ನಿನ್ನೆ ಸಂಜೆ ಸ್ಪಿರಿಟ್ಟಿನ ಹತ್ತಿಯನ್ನು ಪರದೆಯ ಮಡಿಕೆಯ ಮೇಲೆ ಧಾರಾಳವಾಗಿ ಹೊರಳಿಸಿದ. ಹತ್ತಿ ಕಪ್ಪಾಗಲಿಲ್ಲ, ಕೆಂಪಾಯಿತು. ಅವನು ನೋಡನೋಡುತ್ತಿದ್ದಂತೆ ಬಣ್ಣ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಜಾರಿತು. ಕೆಳಗೆ ಹಾಳಾದ ಕ್ಯಾನ್‌ವಾಸ್ ಇರಬೇಕಿತ್ತು. ಇದ್ದದ್ದು ನಾಲ್ಕು ಬೆರಳು. ಕಪ್ಪು ಬೆರಳುಗಳು, ಗೆಣ್ಣುಗಳ ಮೇಲೆ ಚರ್ಮ ಒಡೆದಿತ್ತು, ಬಿಳಿಯ ಮೇಜುಬಟ್ಟೆಯ ಮೇಲೆ ಅವು ನಿರಾಳವಾಗಿ ಊರಿದ್ದವು, ಹನ್ನೊಂದನೇ ಲೋಟದ ಪಕ್ಕದಲ್ಲಿ.

ಮನೆಗೆ ಹೋದಾಗ ಅಪ್ಪ ಎಂದಿನಂತೆ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದ. ಅಪ್ಪನ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಬೆಳಕು ಕತ್ತಲೆ ತಿಳಿಯುತ್ತಿತ್ತು, ಅಷ್ಟೇ. ಆಗಿನಿಂದ ಇಬ್ಬರ ನಡುವೆ ಒಂದು ಅಭ್ಯಾಸ ಬೆಳೆದಿತ್ತು. ಮಗ ಬಂದು ಎರಡೂ ಕೈ ಚಾಚುವುದು, ಅಪ್ಪ ಅವನ್ನು ಹಿಡಿದು ಮೂಗಿನ ಹತ್ತಿರ ತಂದುಕೊಂಡು ಇವತ್ತು ಏನು ಕೆಲಸ ಮಾಡಿದೆ ಎಂದು ಹೇಳುವುದು. ಅಗಸೆ ಎಣ್ಣೆ, ಬಿಳಿ ಸೀಸ, ಚೌಕಟ್ಟಿನ ಅಂಟು, ಹೀಗೆ. ಒಂದು ಸಲವೂ ಅಪ್ಪನ ಮೂಗು ತಪ್ಪಿರಲಿಲ್ಲ. ನಿಮ್ಮಪ್ಪನಿಗೆ ಕಣ್ಣೇ ಬೇಡ ಎಂದು ಹೆಂಡತಿ ಹೇಳುತ್ತಿದ್ದಳು, ಅಡುಗೆಮನೆಯಿಂದ, ಅರ್ಧ ಮೆಚ್ಚುಗೆಯಲ್ಲಿ, ಅರ್ಧ ಬೇಸರದಲ್ಲಿ. ನಿನ್ನೆ ಅವನು ಕೈಯನ್ನು ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದುಕೊಂಡೇ ಹೋಗಿದ್ದ. ಅಪ್ಪ ಕೈ ಹಿಡಿದು ಮೂಸಿದ. ಇನ್ನೊಂದು ಸಲ ಮೂಸಿದ. "ಸ್ಪಿರಿಟ್ಟು" ಎಂದ. ಆಮೇಲೆ ತಟ್ಟೆಗೆ ಬಡಿಸಿದ್ದನ್ನು ಹಾಗೇ ಬಿಟ್ಟು ಮಲಗಿದ. ಸೋಪಿನ ವಾಸನೆಯ ಕೆಳಗೆ, ಸ್ಪಿರಿಟ್ಟಿನ ಕೆಳಗೆ, ಅಪ್ಪನಿಗೆ ಇನ್ನೇನು ಸಿಕ್ಕಿತು ಎಂದು ಅವನು ಯೋಚಿಸುತ್ತ ಮಲಗಿದ್ದ. ಬಾಯಿ ಒಣಗಿದ್ದು ಆಗಲೇ ಇರಬೇಕು.

ಈಗ ಏಣಿಯನ್ನು ಬಲಕ್ಕೆ ಸರಿಸಿದ. ಸರಿಸುವಾಗ ತಾನು ಸುಮ್ಮನೆ ನೋಡುವುದಕ್ಕೆ ಸರಿಸುತ್ತಿದ್ದೇನೆ ಎಂದುಕೊಂಡ. ಬೆಡ್‌ಶೀಟು ತೆಗೆದ ಮೇಲೆ, ಇಷ್ಟು ಬಂದಿದೆಯಲ್ಲ, ಮಣಿಕಟ್ಟಿನವರೆಗೆ ತೆಗೆದರೆ ಏನಾಗುತ್ತದೆ ಎಂದುಕೊಂಡ. ಮಣಿಕಟ್ಟು ಬಂತು, ಮೊಳಕೈ ಬಂತು, ಹಳದಿ ಬಟ್ಟೆಯ ತೋಳು ಬಂತು. ಪರದೆ ಎಷ್ಟು ಸುಲಭವಾಗಿ ಬಿಡುತ್ತಿತ್ತೆಂದರೆ ಅದಕ್ಕೇ ಅವನಿಗೆ ಹೆದರಿಕೆಯಾಯಿತು. ಮೂವತ್ತು ವರ್ಷ ಒಣಗಿದ ಎಣ್ಣೆಬಣ್ಣ ಕಲ್ಲಾಗಿರಬೇಕು, ಕೆಳಗಿನ ಚಿತ್ರವನ್ನು ಕಚ್ಚಿ ಹಿಡಿದಿರಬೇಕು. ತೆಗೆಯಲು ಹೋದರೆ ಎರಡೂ ಒಟ್ಟಿಗೇ ಏಳಬೇಕು. ಇದು ಹಾಗಲ್ಲ. ನಡುವೆ ಏನೋ ಇದೆ, ಯಾವುದೋ ಒಂದು ಪೊರೆ, ಅದು ಕರಗುತ್ತಿದೆ, ಮೇಲಿನದು ಜಾರುತ್ತಿದೆ, ಕೆಳಗಿನದಕ್ಕೆ ಒಂದು ಗೀರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮುಖ ಬಂತು. ಹೆಂಗಸು. ಅಷ್ಟೇನೂ ವಯಸ್ಸಿಲ್ಲ. ನಿದ್ದೆ ಅಜ್ಜನ ಪಕ್ಕದ ಕುರ್ಚಿಯಲ್ಲಿ, ಅವನ ಕುರ್ಚಿಯಷ್ಟೇ ಎತ್ತರದ ಕುರ್ಚಿಯಲ್ಲಿ ಕೂತಿದ್ದಳು. ನಿದ್ದೆ ಅಜ್ಜನನ್ನು ಬಿಟ್ಟು ಉಳಿದ ಒಂಬತ್ತು ಜನ ಚಿತ್ರ ಬರೆಯುವವನ ಕಡೆ, ತಾವು ಹೇಗೆ ಕಾಣುತ್ತೇವೋ ಎಂಬ ಚಿಂತೆಯಲ್ಲಿ ನೋಡುತ್ತಿದ್ದರೆ, ಅವಳು ಮಾತ್ರ ಮೇಜಿನ ಆಚೆ ತುದಿಯವನ ಮಾತಿಗೆ ಕಾಯುತ್ತ, ಹೇಳಪ್ಪ ಮುಂದೆ, ಎನ್ನುವ ಹಾಗೆ ತುಸು ಬಾಯಿ ತೆರೆದಿದ್ದಳು. ಸಭೆ ನಡೆಸಲು ಬಂದವಳು ಅವಳೊಬ್ಬಳೇ ಎಂದು ಅವನಿಗೆ ಅನ್ನಿಸಿತು. ಬರೆದವನಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು.

"ಇವರು ಯಾರು ಸಾರ್?"

ಬಕೆಟ್ಟು ಹಿಡಿದು ನಿಂತಿದ್ದವಳು ನೆಲ ಒರೆಸುವ ಹೆಂಗಸು. ಕೆಳಗಿನ ಕೇರಿಯಿಂದ ಬರುತ್ತಾಳೆ. ಊರಿನ ಮೋರಿ, ಕಕ್ಕಸು, ಕಸ ಎಲ್ಲ ಆ ಕೇರಿಯವರ ಕೈಯಲ್ಲೇ. ಇಷ್ಟು ದಿನ ಒಂದೇ ಕೋಣೆಯಲ್ಲಿ ಅವನು ಮೇಲೆ ಒರೆಸಿದ್ದ, ಅವಳು ಕೆಳಗೆ ಒರೆಸಿದ್ದಳು, ಮಾತಾಡಿರಲಿಲ್ಲ. ಅವಳು ತಲೆಯೆತ್ತಿದ್ದನ್ನೇ ಅವನು ನೋಡಿರಲಿಲ್ಲ.

"ಯಾರೂ ಅಲ್ಲ" ಎಂದ ಅವನು.

"ಯಾರೂ ಅಲ್ಲದವರಿಗೆ ಕುರ್ಚಿ ಹಾಕಿದಾರಲ್ಲ" ಎಂದು ಅವಳು ತನ್ನಷ್ಟಕ್ಕೇ ಹೇಳಿಕೊಂಡಳು. ಹೇಳಿ, ಬಟ್ಟೆ ಹಿಂಡಿ, ಮತ್ತೆ ಬಗ್ಗಿದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. ಆದರೂ ಅವನಿಗೆ ಏಣಿಯ ಮೇಲೆ ನಿಂತಿರುವುದು ಕಷ್ಟವಾಯಿತು. ಇಳಿದು, ಅವಳು ಒರೆಸಿದ್ದ ನೆಲದ ಮೇಲೆ ಹೆಜ್ಜೆ ಮೂಡಿಸಿ, ಪುರಸಭೆಯ ಕಾರ್ಯದರ್ಶಿಗೆ ಹೇಳಿಕಳಿಸಲು ಹೋದ.

ಕಾರ್ಯದರ್ಶಿ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬಂದವನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಬಹಳ ಹೊತ್ತು ಚಿತ್ರವನ್ನೇ ನೋಡಿದ. "ಚೆನ್ನಾಗಿ ಬರೆದಿದಾನೆ ಅಲ್ವೇನ್ರೀ" ಎಂದ. ಅವನ ದನಿಯಲ್ಲಿ ನಿಜವಾದ ಬೆರಗಿತ್ತು. "ಕೆಳಗಿನ ಕೇರಿಯವಳು. ಕೈ ನೋಡಿದ್ರೆ ಗೊತ್ತಾಗುತ್ತೆ. ಆಗ ಆ ಕೇರಿಗೂ ಒಬ್ಬರು ಸದಸ್ಯರು ಅಂತ ಏನೋ ಇತ್ತು ಅಂತ ಕೇಳಿದ್ದೆ. ಕಥೆ ಅಂದ್ಕೊಂಡಿದ್ದೆ." ಆಮೇಲೆ ಅವನು ಕುರ್ಚಿಯೊಂದನ್ನು ಎಳೆದುಕೊಂಡು ಕೂತ. ಇವನು ನಿಂತೇ ಇದ್ದ.

"ನಾನೊಂದು ಮಾತು ಕೇಳ್ತೀನಿ. ಹೊರಗಡೆ ತೋಟದಲ್ಲಿ ಹತ್ತು ಪುತ್ಥಳಿ ನಿಲ್ಲಿಸಿಯಾಗಿದೆ, ಬಟ್ಟೆ ಸುತ್ತಿಟ್ಟಿದೀವಿ. ಹನ್ನೊಂದನೇದಕ್ಕೆ ಕಟ್ಟೆ ಎಲ್ಲಿ ಕಟ್ಟಿಸ್ಲಿ? ಕಮಾನು ಕೆಡವಲಾ? ಮಕ್ಕಳಿಗೆ ಎಣಿಸೋದು ಮತ್ತೆ ಹೇಳಿಕೊಡ್ಲಾ?"

"ಆದ್ರೆ ಸಾರ್, ಇದು ಮೊದಲಿನ ಚಿತ್ರ. ಇದೇ ನಿಜ."

"ನಿಜ ಅಲ್ಲ ಅಂದ್ನೇನ್ರೀ ನಾನು? ಊರಿಗೆ ಒಂದು ಮುಖ ಬೇಕು. ಇರೋ ಮುಖಾನೇ ಇಟ್ಕೊಂಡು ಜನ ಬದುಕ್ತಾ ಇದಾರೆ. ನಾಳೆ ಇವಳು ಹೊರಗೆ ಬಂದ್ರೆ ಕೆಳಗಿನ ಕೇರಿಯವರು ಬಂದು ನಮ್ಮವಳನ್ನ ಮುಚ್ಚಿಟ್ಟವರು ಯಾರು ಅಂತ ಕೇಳ್ತಾರೆ. ಯಾರು ಅಂತ ಹೇಳ್ಲಿ?" ಅವನು ಪರದೆಯ ಉಳಿದ ಭಾಗದ ಕಡೆ ಕಣ್ಣು ಹಾಯಿಸಿದ. "ಪರದೆ ಮೇಷ್ಟ್ರು ಅಂತ ಹೇಳ್ಲಾ? ವಯಸ್ಸಾದವರು, ಕಣ್ಣು ಬೇರೆ ಹೋಗಿದೆ."

ಇವನು ನೆಲದ ಮೇಲೆ ಬಿದ್ದಿದ್ದ ಕೆಂಪು ಹತ್ತಿಯನ್ನು ಹೆಕ್ಕಿ ಮುಷ್ಟಿಯಲ್ಲಿಟ್ಟುಕೊಂಡ.

"ಅವಳನ್ನ ಅಳಿಸಿ ಅಂತ ನಾನು ಹೇಳ್ತಾ ಇಲ್ಲಪ್ಪ. ಅವಳ ಪಾಡಿಗೆ ಅವಳು ಇರ್ಲಿ. ಮೇಲೆ ಪರದೆ ಇತ್ತು, ಮತ್ತೆ ಎಳೆದುಬಿಡಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಿಮ್ಮ ಮನೆತನದ ಪರದೆ, ನಿಮ್ಮ ಕೈಗಿಂತ ಬೇರೆ ಕೈ ಬೇಕಾ? ಆ ಲೋಟಾನೂ ತೆಗೆದುಬಿಡಿ, ನೂರನೇ ವರ್ಷದ ಪುಸ್ತಕಕ್ಕೆ ಫೋಟೋ ತೆಗೆಯೋರು ಬರ್ತಾರೆ, ಹೊರಗಿನವರು ನೋಡಿ ನಗಬಾರದು." ಎದ್ದು ಹೋಗುವಾಗ, ಬಾಗಿಲಲ್ಲಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ, "ನಿಮ್ಮನ್ನ ಕಾಯಂ ಮಾಡೋ ಕಾಗದ ನನ್ನ ಮೇಜಿಗೆ ಬಂದಿದೆ ಕಣ್ರೀ. ಈ ಗಲಾಟೆ ಮುಗಿಸಿ ಸಹಿ ಹಾಕ್ತೀನಿ" ಎಂದ.

"ಆಗ್ಲಿ ಸಾರ್" ಎಂದುಬಿಟ್ಟ ಇವನು. ಕಾರ್ಯದರ್ಶಿಯ ಮಾತು ಮುಗಿಯುವ ಮೊದಲೇ ಅಂದದ್ದು. ಅದಕ್ಕಿಂತ ನಾಚಿಕೆಯ ಸಂಗತಿ ಬೇರೆ ಇತ್ತು, ಅದು ಅವನೊಬ್ಬನಿಗೇ ಗೊತ್ತಾದದ್ದು: ಕಾಯಂ ಎನ್ನುವ ಮಾತು ಕಿವಿಗೆ ಬಿದ್ದೊಡನೆ, ಬೆಳಗ್ಗೆಯಿಂದ ಒಣಗಿದ್ದ ಅವನ ಬಾಯಲ್ಲಿ ನೀರೂರಿತು. ತನ್ನ ಬಾಯಿ ತನ್ನನ್ನು ಕೇಳದೇ ಒದ್ದೆಯಾಯಿತು. ಅವನು ಆ ಉಗುಳನ್ನು ನುಂಗಿ ನಿಂತ. ಮೇಲಿನಿಂದ ಅವಳು ಅವನ ಕಡೆ ನೋಡುತ್ತಿರಲಿಲ್ಲ, ಮೇಜಿನ ಆಚೆ ತುದಿಯ ಮಾತಿಗೇ ಕಾಯುತ್ತಿದ್ದಳು. ತನ್ನ ಕಡೆ ನೋಡಿದ್ದರೆ ವಾಸಿಯಿತ್ತು ಎಂದುಕೊಂಡ.

ಸಂಜೆ ಅವನು ಕೈ ಚಾಚಲಿಲ್ಲ. ಅಪ್ಪನೇ ತಡವಿ ಹಿಡಿದುಕೊಂಡ.

"ಬೆರಳು ಅಷ್ಟೇ ಬಂತಾ, ಮುಖಾನೂ ಬಂತಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವನು ಮಂಚದ ತುದಿಯಲ್ಲಿ ಕೂತ. "ಮುಖಾನೂ ಬಂತು" ಎಂದ.

"ಕೆನ್ನೆ ಮೇಲೆ ಬಿರುಕು ಬಿಟ್ಟಿಲ್ಲ ತಾನೆ? ಎಡಗೆನ್ನೆ. ಅಲ್ಲಿ ಬಣ್ಣ ತೆಳು ಇತ್ತು, ನನಗೆ ಅದೇ ಹೆದರಿಕೆ."

"ಇಲ್ಲ ಅಪ್ಪ. ನಿನ್ನೆ ಬರೆದ ಹಾಗಿದೆ."

ಅಪ್ಪ ಅತ್ತುಬಿಟ್ಟ. ಕಾಣದ ಕಣ್ಣುಗಳಿಂದಲೂ ನೀರು ಅಷ್ಟೇ ಬರುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬಾಗಿಲಿಗೆ ಬಂದು ನಿಂತಿದ್ದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಬ್ಬರನ್ನೂ ನೋಡಿದಳು. ಅಪ್ಪ ಮೂಗು ಒರೆಸಿಕೊಂಡು, ಏನೋ ಬೇರೆಯವರ ಕಥೆ ಹೇಳುವವನಂತೆ ಹೇಳಿದ. "ಆಗಿನ ಅಧ್ಯಕ್ಷರು ನಿದ್ದೆ ಅಜ್ಜನ ಮೊಮ್ಮಗ. ಕರೆಸಿದ್ರು. ಆ ಕಡೆ ಸ್ವಲ್ಪ ಖಾಲಿ ಅನ್ಸುತ್ತೆ, ಒಂದು ಪರದೆ ಬಂದ್ರೆ ಲಕ್ಷಣವಾಗಿರುತ್ತೆ ಅಂದ್ರು. ಖಾಲಿ ಅಂದ್ರು ಕಣೋ. ಅವಳು ಅಲ್ಲಿ ಕೂತಿದ್ಲು, ನಾನೂ ನೋಡ್ತಾ ಇದೀನಿ, ಅವರೂ ನೋಡ್ತಾ ಇದಾರೆ, ಖಾಲಿ ಅಂದ್ರು. ನಾನು ಹೂಂ, ಖಾಲಿ ಇದೆ ಅಂದೆ. ನಿಮ್ಮಮ್ಮ ಬಸುರಿ, ನೀನು ಹೊಟ್ಟೇಲಿದ್ದೆ. ಅದು ನೆಪ ಅಂತ ಬೇಕಾದ್ರೂ ಅಂದ್ಕೋ."

"ಯಾರಿಗೂ ನೆನಪಿರಲಿಲ್ವಾ?"

"ಆ ಕೋಣೆ ಒಳಗೆ ಬರ್ತಿದ್ದೋರು ಎಷ್ಟು ಜನ? ಕೆಳಗಿನ ಕೇರಿಯವರು ಬರ್ತಿದ್ರು, ಗುಡಿಸೋಕೆ, ತಲೆ ಬಗ್ಗಿಸ್ಕೊಂಡು. ನೋಡ್ದೋರು ಒಬ್ಬಿಬ್ಬರು ಕೇಳಿದ್ರು. ತೇವಕ್ಕೆ ಹಾಳಾಗಿತ್ತು ಅಂದೆ. ಪರದೆ ಚೆನ್ನಾಗಿ ಬಂದುಬಿಟ್ಟಿತ್ತಲ್ಲ, ಹಿಂದೆ ಏನಿದೆ ಅಂತ ಯಾರಿಗೂ ಬೇಕಾಗ್ಲಿಲ್ಲ. ಕೆಟ್ಟದಾಗಿ ಬರೆದಿದ್ರೆ ಕೇಳ್ತಿದ್ರೇನೋ." ಅಪ್ಪ ದನಿ ತಗ್ಗಿಸಿದ. "ಎರಡು ಕೆಲಸ ಮಾಡಿದೆ ನಾನು. ಲೋಟ ಅಳಿಸು ಅಂದಿದ್ರು, ಮರೆತೆ ಅಂದೆ. ಇನ್ನೊಂದು, ಅವಳ ಮೇಲೆ ಎರಡು ಕೈ ವಾರ್ನಿಷ್ ಎಳೆದು, ಒಣಗಿಸಿ, ಅದರ ಮೇಲೆ ಪರದೆ ಬರೆದೆ. ಇವತ್ತಲ್ಲ ನಾಳೆ ಯಾರೋ ಒರೆಸೋನು ಬರ್ತಾನೆ, ಅವನ ಕೈಗೆ ಇವಳು ಹಾಗೇ ಸಿಗ್ಲಿ ಅಂತ. ನಿನ್ನೆ ನಿನ್ನ ಕೈಯಲ್ಲಿ ಆ ವಾರ್ನಿಷ್ ವಾಸನೆ ಬಂತು. ಬೇರೆ ಯಾರಿಗೋ ಅಂತ ಇಟ್ಟಿದ್ದೆ. ನಿನಗೇ ಸಿಕ್ತು."

ಮುಚ್ಚಲು ಹೇಳಿದ್ದಾರೆ ಎಂದು ಅವನು ಹೇಳಿದ. ಕಾಯಂ ಮಾಡುವ ವಿಷಯವನ್ನು ಹೇಳಲಿಲ್ಲ. ಹೆಂಡತಿಯೇ ಬಾಗಿಲಿನಿಂದ ಹೇಳಿದಳು. ಅವಳಿಗೆ ಶಾಲೆಯಲ್ಲೇ ಸುದ್ದಿ ಗೊತ್ತಾಗಿತ್ತು. "ಮಾವ, ನಿಮಗೆ ಗೊತ್ತಿಲ್ಲದ್ದು ಏನಿದೆ. ಇವರು ಇಷ್ಟು ವರ್ಷ ದಿನಗೂಲಿ ಥರಾನೇ ಇದಾರೆ, ಈಗ ಕಾಯಂ ಮಾಡೋ ಕಾಗದ ಬಂದಿದೆಯಂತೆ. ಮುಚ್ಚದೇ ಹೋದ್ರೆ ಬೇರೆ ಯಾರನ್ನೋ ಕರೆಸಿ ಮುಚ್ಚಿಸ್ತಾರೆ. ಅವಳಂತೂ ಹೊರಗೆ ಬರಲ್ಲ, ಇವರೂ ಹೊರಗೆ ಹೋಗ್ತಾರೆ." ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವಳ ಮೇಲೆ ಸಿಟ್ಟು ಮಾಡಲು ಅವನು ಕಾರಣ ಹುಡುಕಿದ, ಸಿಗಲಿಲ್ಲ.

"ಮುಚ್ಚಬೇಡ ಅಂತ ಹೇಳೋ ಬಾಯಿ ನನಗೆ ಎಲ್ಲಿದೆಯಮ್ಮ" ಎಂದ ಅಪ್ಪ. ಮಗನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಮುಚ್ಚೋದಾದ್ರೆ ಮುಚ್ಚು. ಮಧ್ಯ ವಾರ್ನಿಷ್ ಹಾಕು. ಅಷ್ಟು ಮಾಡು. ಮುಂದೆ ಯಾರಾದ್ರೂ ಬರ್ತಾರೆ."

ಮಾರನೆಯ ದಿನ ಅವನು ಮೊದಲು ಲೋಟವನ್ನು ತೆಗೆದ, ಅದು ಸಣ್ಣ ಕೆಲಸವಾಗಿತ್ತು. ಬಿಳಿಗೆ ಒಂದು ಚಿಟಿಕೆ ನೀಲಿ ಬೆರೆಸಿ ಮೇಜುಬಟ್ಟೆಯನ್ನು ಅದರ ಮೇಲೆ ಎಳೆದ, ಒಂದು ಮಡಿಕೆ ಕೊಟ್ಟ. ಶಾಲೆಯಲ್ಲಿ ತನ್ನನ್ನು ಕೂಗುತ್ತಿದ್ದವರ ದನಿಗಳು ಆ ಬಿಳಿಯೊಳಗೆ ಹೋದವು ಎಂದುಕೊಳ್ಳಲು ನೋಡಿದ. ಏನೂ ಹೋಗಲಿಲ್ಲ. ಗಾದೆ ಊರಿನಲ್ಲಿ ಇದ್ದೇ ಇರುತ್ತದೆ, ತೋರಿಸಲು ಲೋಟ ಇರುವುದಿಲ್ಲ, ಅಷ್ಟೇ. ಆಮೇಲೆ ವಾರ್ನಿಷ್ ಬಾಟಲಿಯನ್ನು ತೆಗೆದು ಏಣಿಯ ಮೆಟ್ಟಿಲ ಮೇಲಿಟ್ಟ, ಅಗಲದ ಬ್ರಷ್ಷನ್ನು ಪಕ್ಕದಲ್ಲಿಟ್ಟ. ಫೋಟೋದವರು ನಾಳಿದ್ದು ಬರುವವರು. ಇವತ್ತು ಎಳೆದು ಫ್ಯಾನು ಹಾಕಿಟ್ಟರೆ ಬೆಳಗ್ಗೆಗೆ ಒಣಗುತ್ತದೆ, ನಾಳೆ ಪರದೆ ಬರೆಯಬಹುದು. ಹೊತ್ತಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಆದರೂ ಅವನ ಕೈ ಬಾಟಲಿಯ ಮುಚ್ಚಳ ತಿರುಗಿಸಲಿಲ್ಲ. ವಾರ್ನಿಷ್ ಹಾಕಿದರೆ ಇನ್ನೊಬ್ಬ ಒರೆಸುವವನು ಬರುತ್ತಾನೆ. ಅವನೂ ಹೀಗೇ ಏಣಿ ಹತ್ತಿ, ಹೀಗೇ ಹತ್ತಿ ಹೊರಳಿಸಿ, ಅವಳನ್ನು ಹೊರಗೆ ತರುತ್ತಾನೆ, ತಂದು, ಎರಡು ಪರದೆ ಇದ್ದವು ಎಂದು ಲೆಕ್ಕ ಹಾಕುತ್ತಾನೆ. ಒಂದು ಅಪ್ಪನದು, ಅದಕ್ಕೆ ಬಸುರಿ ಹೆಂಡತಿ, ಮರೆಯದೇ ಮರೆತ ಲೋಟ, ಎಲ್ಲ ಇದೆ. ಎರಡನೆಯವನು ಯಾರು? ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿಯೂ, ಲೋಟವನ್ನೂ ಬಿಡದೆ ಮುಚ್ಚಿದವನು ಯಾರು? ಅಪ್ಪನ ಪರದೆಯ ಕೆಳಗೆ ಸಿಕ್ಕಿದ್ದು ಅವಳು. ತನ್ನ ಪರದೆಯ ಕೆಳಗೆ ಸಿಗುವುದು ತಾನು. ಅವನು ಕೆಂಪನ್ನು ಕಲಸಲು ಶುರುಮಾಡಿದ.

ಬರಿಯ ಚಿತ್ರದ ಮೇಲೆ ಬಣ್ಣ ಚೆನ್ನಾಗಿ ಕೂತಿತು. ಕಚ್ಚಿಕೊಂಡಿತು. ಇನ್ನು ಯಾರೇ ಬಂದರೂ, ಎಷ್ಟೇ ನಾಜೂಕಿನವನಾದರೂ, ಪರದೆ ತೆಗೆದರೆ ಅವಳ ಕೆನ್ನೆ, ಅವಳ ಬಾಯಿ, ಅವಳ ಒಡೆದ ಗೆಣ್ಣುಗಳು ಅದರ ಜೊತೆಗೇ ಏಳುತ್ತವೆ. ಇದು ಗೊತ್ತಿದ್ದೇ ಅವನು ಬ್ರಷ್ಷನ್ನು ಅದ್ದಿದ. ಮೊದಲು ಕೈಯನ್ನು ಮುಚ್ಚಿದ, ಆಮೇಲೆ ತೋಳು, ಮುಖವನ್ನು ಕೊನೆಗೆ ಇಟ್ಟುಕೊಂಡ. ಮುಖಕ್ಕೆ ಬರುವ ಹೊತ್ತಿಗೆ ಒಂದು ವಿಚಿತ್ರ ನಡೆಯಿತು, ಕೆಲಸ ಚೆನ್ನಾಗಿ ಬರತೊಡಗಿತು. ಮಡಿಕೆಯ ಒಳಗಿನ ಕತ್ತಲು, ಅಂಚಿನ ಬೆಳಕು, ಮಖಮಲ್ಲಿನ ನವಿರು ಎಲ್ಲವೂ ಕೇಳದೇ ಬಂದವು. ಜೀವಮಾನವೆಲ್ಲ ಬೇ​ರೆಯವರ ಚಿತ್ರದ ಕೊಳೆ ತೆಗೆದವನು ಮೊದಲ ಸಲ ತನ್ನದು ಅಂತ ಏನನ್ನೋ ಬರೆಯುತ್ತಿದ್ದ. ಅಪ್ಪನ ಪರದೆಗಿಂತ ಇದು ಒಂದು ಕೈ ಮೇಲು ಎಂದು ಅವನಿಗೆ ಅನ್ನಿಸಿತು, ಅನ್ನಿಸಿ ಸಂತೋಷವಾಯಿತು. ಸಂತೋಷವಾದದ್ದು ನಿಜ. ಅದನ್ನು ಅವನು ಮುಂದೆ ಯಾರ ಹತ್ತಿರವೂ ಹೇಳಲಾರ. ಸಂಜೆ ಕಾರ್ಯದರ್ಶಿ ಬಂದು ನೋಡಿ, ಮುಟ್ಟಲು ಕೈ ಚಾಚಿ, ಹಸಿ ಇದೆ ಎಂದು ನೆನಪಾಗಿ ಹಿಂದಕ್ಕೆಳೆದುಕೊಂಡು, "ಅಪ್ಪನಿಗೆ ತಕ್ಕ ಮಗ ಕಣ್ರೀ" ಎಂದ.

ಏಣಿ ಮಡಿಸುತ್ತಿದ್ದಾಗ ನೆಲ ಒರೆಸುವ ಹೆಂಗಸು ಬಕೆಟ್ಟು ಇಟ್ಟು ಮೇಲೆ ನೋಡಿದಳು. ಈಗ ಅವಳಿಗೆ ಮೇಲೆ ನೋಡುವುದು ಅಭ್ಯಾಸವಾದ ಹಾಗಿತ್ತು.

"ಆ ಅಮ್ಮನ್ನ ಎಲ್ಲಿ ಕಳಿಸಿದ್ರಿ ಸಾರ್?"

"ಯಾವ ಅಮ್ಮ?" ಎಂದ ಅವನು.

ಅವಳು ಚಿತ್ರವನ್ನು ಬಿಟ್ಟು ಅವನನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ, ಬಿದ್ದವನನ್ನು ಎತ್ತಲು ಹೋಗಿ ಅವನಿಗೆ ನಾಚಿಕೆಯಾದೀತೆಂದು ಬೇರೆ ಕಡೆ ನೋಡುವವರಿರುತ್ತಾರಲ್ಲ, ಹಾಗೆ, "ನನ್ನ ಕಣ್ಣೇ ಮಂಜಾಗಿರಬೇಕು ಬಿಡಿ" ಎಂದು ನೆಲಕ್ಕೆ ಬಗ್ಗಿದಳು. ಅವನ ಪಾದದ ಹತ್ತಿರ ಬಂದಾಗ, "ಸ್ವಲ್ಪ ಕಾಲು ತೆಗೀರಿ" ಎಂದಳು. ಅವನು ತೆಗೆದ.

ಮನೆಯಲ್ಲಿ ಅಪ್ಪ ಕಾಯುತ್ತಿದ್ದ. ಬಾಗಿಲ ಸದ್ದಿಗೇ ಎದ್ದು ಕೂತು ತಾನಾಗಿ ಕೈ ಚಾಚಿದ. ಅವನು ಹತ್ತಿರ ಹೋಗಿ ತನ್ನ ಎರಡೂ ಕೈಗಳನ್ನು ಆ ಕೈಗಳಲ್ಲಿ ಇಟ್ಟ.

"ಮುಗೀತಾ?"

"ಮುಗೀತು."

"ವಾರ್ನಿಷ್ ಹಾಕಿದ್ಯಾ?"

"ಹಾಕಿದೆ ಅಪ್ಪ. ಎರಡು ಕೈ."

ಅಪ್ಪ ಅವನ ಬಲಗೈಯನ್ನು ಮೂಗಿನ ಹತ್ತಿರ ತಂದುಕೊಂಡ. ಅಂಗೈ ಮೂಸಿದ, ಮಗುಚಿ ಬೆರಳುಗಳ ಸಂದಿಯನ್ನು ಮೂಸಿದ. ಎಡಗೈ ತೆಗೆದುಕೊಂಡ. ಅಗಸೆ ಎಣ್ಣೆ ಇರಬೇಕು, ಕೆಂಪು ಇರಬೇಕು, ಬಿಳಿ ಇರಬೇಕು. ಅವನು ಉಸಿರು ಹಿಡಿದು ನಿಂತಿದ್ದ. ಎಷ್ಟೋ ವರ್ಷಗಳಿಂದ ದಿನವೂ ಅಪ್ಪ ಈ ಕೈಗಳಲ್ಲಿ ಇರುವುದನ್ನು ಒಂದೊಂದಾಗಿ ಹೆಸರಿಟ್ಟು ಹೇಳಿದ್ದ. ಇವತ್ತು ಇಲ್ಲದ್ದನ್ನು ಹುಡುಕುತ್ತಿದ್ದ. ಹುಡುಕಿ, ಮತ್ತೆ ಬಲಗೈಗೆ ಬಂದು, ಇನ್ನೊಂದು ಸಲ ಹುಡುಕಿದ. ಕೊನೆಗೆ ಎರಡೂ ಕೈಗಳನ್ನು ಜೋಪಾನವಾಗಿ, ಒಡೆದುಹೋಗುವ ವಸ್ತುವನ್ನು ಇಡುವ ಹಾಗೆ, ಕೆಳಗೆ ಬಿಟ್ಟ.

"ಒಳ್ಳೇದಾಯ್ತು" ಎಂದ. "ಹೋಗಿ ಕೈ ತೊಳ್ಕೋ."

ಆ ರಾತ್ರಿ ಅಪ್ಪ ಚೆನ್ನಾಗಿ ಊಟ ಮಾಡಿದ ಎಂದು ಹೆಂಡತಿ ಹೇಳಿದಳು. ಮನಸ್ಸು ಹಗುರಾಗಿರಬೇಕು ಪಾಪ, ಎಂದಳು. ಅವನು ಹೂಂ ಎಂದ. ಮಾರನೆಯ ದಿನ ಕಾಯಂ ಆದ ಕಾಗದ ಕೈಗೆ ಬಂತು. ಸಂಜೆ ಅವನು ಎಂದಿಗಿಂತ ಬೇಗ ಬಂದ. ಅಪ್ಪ ಕಿಟಕಿಯ ಪಕ್ಕದಲ್ಲಿ ಕೂತಿದ್ದ, ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿ, "ಬಂದ್ಯಾ" ಎಂದ. ಅವನು ಮಂಚದ ಹತ್ತಿರ ಹೋಗಿ, ಶಾಲೆಯಲ್ಲಿ ಪೆಟ್ಟು ತಿನ್ನಲು ಚಾಚುತ್ತಿದ್ದ ಹಾಗೆ, ಎರಡೂ ಕೈ ಚಾಚಿ ನಿಂತ. ಅಪ್ಪನ ಕೈಗಳು ಮಡಿಲಲ್ಲೇ ಇದ್ದವು, ಏಳಲಿಲ್ಲ. ಕೈ ಚಾಚಿದ್ದು ತಿಳಿಯಲಿಲ್ಲವೇನೋ ಎಂದು ಅವನು ಇನ್ನಷ್ಟು ಮುಂದಕ್ಕೆ ಚಾಚಿದ. ಅಪ್ಪನ ಉಸಿರು ಅವನ ಬೆರಳಿಗೆ ತಗುಲುವಷ್ಟು ಹತ್ತಿರ.

"ಹೊರಗೆ ಸೆಕೆ ಜಾಸ್ತಿ ಇದೆಯಾ?" ಎಂದು ಕೇಳಿದ ಅಪ್ಪ, ಕಿಟಕಿಯ ಕಡೆಗೆ ಮುಖ ಮಾಡಿ.